ಕಾಗದದ ಕೋಟೆಯ ದೊರೆ: ಹೊರೇಸ್ ವಾಲ್ಪೋಲ್

ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ಇಯತ್ತೆಯಲ್ಲಿ ವ್ಯಾಕರಣದ ಪಾಠ ನಡೆದಿದ್ದಾಗ, ಹಿಂದಿನ ಬಾಕಿನ ಹುಡುಗನೊಬ್ಬನ ತೊಡೆಯ ಮೇಲಿಂದ ಪುಸ್ತಕವೊಂದು ಜಾರಿ ನೆಲಕ್ಕೆ ಬಿದ್ದಿತು. ಅದರ ಹೊದಿಕೆಯ ಮೇಲೆ ಹಾಳುಬಿದ್ದ ಕೋಟೆ, ಅದರ ಹಿಂದೆ ಹುಣ್ಣಿಮೆಯ ಚಂದ್ರ, ಕಿಟಕಿಯೊಂದರಲ್ಲಿ ಮಿಣುಕುವ ದೀಪ. ಸಮಾಸಗಳ ಮಧ್ಯದಲ್ಲಿ ಇಂತಹ ಅತಿಥಿಯು ಬಂದಾಗ ಉಪಾಧ್ಯಾಯನಾದವನು ಏನು ಮಾಡಬೇಕೆಂಬುದು ಎಲ್ಲರಿಗೂ ತಿಳಿದ ವಿಷಯವೇ. ಆದರೆ ಹುಡುಗನು ಎದ್ದು ನಿಂತು, ಬಯ್ಗುಳಕ್ಕೆ ಕಾಯದೆ, ಇಂತಹ ಕೋಟೆಯ ಕಥೆಯನ್ನು ಮೊಟ್ಟಮೊದಲು ಬರೆದವರು ಯಾರು ಸರ್ ಎಂದು ನಮ್ಮನ್ನೇ ಕೇಳಿಬಿಟ್ಟನು. ನಮಗೆ ಉತ್ತರವು ತಿಳಿದಿರಲಿಲ್ಲ. ತಿಳಿದುಕೊಂಡು ಹೇಳುವೆವೆಂದು ವರ್ಗದ ಎದುರಿಗೆ ಮಾತು ಕೊಟ್ಟೆವು. ಮೆಟ್ರಿಕ್ಕಿನವರೆಗೂ ಕನ್ನಡದಲ್ಲಿಯೇ ಓದಿ, ನಿಘಂಟಿನ ಕೈ ಹಿಡಿದು ಇಂಗ್ಲಿಷನ್ನು ನಡೆಯಲು ಕಲಿತ ನಮಗೆ ಈ ಶೋಧನೆಯು ಕೆಲವು ತಿಂಗಳುಗಳನ್ನೇ ತೆಗೆದುಕೊಂಡಿತು. ಆ ಋಣವನ್ನು ಈ ವಾರ್ಷಿಕ ಸಂಚಿಕೆಯಲ್ಲಿ ತೀರಿಸುತ್ತಿದ್ದೇವೆ.

ಇಂತಹ ಕಥೆಯನ್ನು ಮೊದಲು ಬರೆದವನೆಂದು ಎಲ್ಲರೂ ಒಪ್ಪುವ ಹೊರೇಸ್ ವಾಲ್ಪೋಲನು 1717ನೆಯ ಇಸವಿ ಸೆಪ್ಟೆಂಬರ್ 24ರಂದು ಲಂಡನ್ನಿನಲ್ಲಿ ಹುಟ್ಟಿದನು. ಇವನ ತಂದೆ ಸರ್ ರಾಬರ್ಟ್ ವಾಲ್ಪೋಲನು ಇಂಗ್ಲೆಂಡಿನ ಪ್ರಥಮ ಪ್ರಧಾನಮಂತ್ರಿಯೆಂದು ಇತಿಹಾಸದಲ್ಲಿ ಹೆಸರಾದವನು. 1721ರಿಂದ 1742ರವರೆಗೆ, ಇಪ್ಪತ್ತೊಂದು ವರ್ಷಗಳ ಕಾಲ, ಆ ದೇಶದ ರಾಜ್ಯಸೂತ್ರವು ಇವನ ಕೈಯಲ್ಲಿದ್ದಿತು. ತಂದೆಯದು ಸ್ಥೂಲ ಶರೀರ, ದೊಡ್ಡ ಗಂಟಲು, ಬೇಟೆಯ ಹುಚ್ಚು. ಮಗನಾದರೋ ಕೃಶಕಾಯನು, ಕಿರಿಯ ಮಗನಾಗಿ ತಾಯಿಯ ಸೆರಗಿನಲ್ಲಿ ಬೆಳೆದವನು. ಈಟನ್ನಿನ ಶಾಲೆಯಲ್ಲಿಯೂ ಆಟದ ಬಯಲಿಗಿಂತ ಮರದ ನೆರಳಿನಲ್ಲಿ ಕುಳಿತು ಗೆಳೆಯರೊಡನೆ ರೋಮನ್ ಕವಿಗಳ ಲೋಕವನ್ನು ಕಲ್ಪಿಸಿಕೊಳ್ಳುವುದೇ ಇವನಿಗೆ ಪ್ರಿಯವಾಗಿದ್ದಿತು.

ಕೇಂಬ್ರಿಜ್ ವಿದ್ಯಾಲಯದಲ್ಲಿ ನಡೆದ ಒಂದು ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳಿಗಾಗಿ ಹೇಳಬೇಕು. ಅಲ್ಲಿ ಸಾಂಡರ್ಸನ್ ಎಂಬ ಅಂಧ ಪಂಡಿತನು ಗಣಿತವನ್ನು ಬೋಧಿಸುತ್ತಿದ್ದನು. ವಾಲ್ಪೋಲನು ಅವನಲ್ಲಿ ಪಾಠಕ್ಕೆ ಹೋದ ಹದಿನೈದು ದಿನಗಳಲ್ಲಿಯೇ ಆ ಪಂಡಿತನು, ನಿನ್ನಿಂದ ಹಣ ಪಡೆಯುವುದು ಮೋಸವಾದೀತು, ನಾನು ಕಲಿಸುವುದನ್ನು ನೀನೆಂದಿಗೂ ಕಲಿಯಲಾರೆಯೆಂದು ನೇರವಾಗಿ ತಿಳಿಸಿದನು. ಪ್ರಧಾನಮಂತ್ರಿಯ ಮಗನು ಅವಮಾನದಿಂದ ಅತ್ತುಬಿಟ್ಟನು. ಪದವಿಯನ್ನು ಪಡೆಯದೆಯೇ ಅವನು ಕೇಂಬ್ರಿಜ್ಜನ್ನು ಬಿಟ್ಟನು. ಗಣಿತದಲ್ಲಿ ಹಿಂದೆ ಬಿದ್ದ ನಮ್ಮ ಕೆಲವರು ಇದನ್ನೋದಿ ಹಿಗ್ಗಬಹುದು. ಅವರ ತಂದೆಯರು ಪ್ರಧಾನಮಂತ್ರಿಗಳಲ್ಲವೆಂಬುದನ್ನು ಮಾತ್ರ ಮರೆಯದಿರಲಿ.

ಏಕೆಂದರೆ ತಂದೆಯು ಮಗನ ಜೀವನಕ್ಕೆ ಭದ್ರವಾದ ಏರ್ಪಾಟನ್ನು ಮಾಡಿದ್ದನು. ಸರಕಾರದ ಖಜಾನೆಯಲ್ಲಿ ಕೆಲಸವಿಲ್ಲದೆ ಸಂಬಳ ಬರುವ ಮೂರು ಹುದ್ದೆಗಳನ್ನು ಇವನ ಹೆಸರಿಗೆ ಬರೆಯಿಸಿದ್ದನು. ಅಂತಹ ಹುದ್ದೆಗಳು ಆ ಕಾಲದಲ್ಲಿ ನಾಚಿಕೆಯ ವಿಷಯವಾಗಿರಲಿಲ್ಲ. ವಾಲ್ಪೋಲನು ಜೀವಮಾನವಿಡೀ ಅವುಗಳ ಆದಾಯದ ಮೇಲೆಯೇ ಬಾಳಿದನು.

1739ರಲ್ಲಿ ಶ್ರೀಮಂತರ ಮಕ್ಕಳ ಪದ್ಧತಿಯಂತೆ ಅವನು ಫ್ರಾನ್ಸ್, ಇಟಲಿಗಳ ಯಾತ್ರೆಗೆ ಹೊರಟನು. ಜೊತೆಗೆ ಈಟನ್ನಿನ ಗೆಳೆಯ ಥಾಮಸ್ ಗ್ರೇ ಇದ್ದನು. ಈತನೇ ಮುಂದೆ ಹಳ್ಳಿಯ ಸ್ಮಶಾನವನ್ನು ಕುರಿತ ಶೋಕಗೀತವನ್ನು ಬರೆದು ವಿಖ್ಯಾತನಾದ ಕವಿ. ಗ್ರೇಯ ತಾಯಿಯು ಹೆಂಗಸರ ಟೊಪ್ಪಿಗೆಯೇ ಮೊದಲಾದ ಉಡುಪಿನ ಅಂಗಡಿಯನ್ನು ನಡೆಸಿ ಮಗನನ್ನು ಓದಿಸಿದವಳು. ಪ್ರಯಾಣದ ವೆಚ್ಚವೆಲ್ಲ ವಾಲ್ಪೋಲನದು. ಆಲ್ಪ್ಸ್ ಪರ್ವತವನ್ನು ದಾಟುವಾಗ ವಾಲ್ಪೋಲನ ಮುದ್ದಿನ ಪುಟ್ಟ ನಾಯಿಯು ಗಾಡಿಯ ಪಕ್ಕದಲ್ಲಿ ನಡೆಯುತ್ತಿದ್ದಾಗ, ಹಾಡುಹಗಲಿನಲ್ಲಿಯೇ ತೋಳವೊಂದು ಕಾಡಿನಿಂದ ಹಾರಿ ಬಂದು ಅದನ್ನು ಕಚ್ಚಿಕೊಂಡು ಬಂಡೆಗಳ ನಡುವೆ ಮಾಯವಾಯಿತು. ಕೈಯೆತ್ತುವಷ್ಟರಲ್ಲಿ ಎಲ್ಲವೂ ಮುಗಿದಿದ್ದಿತು. ಕಡಿದಾದ ಬಂಡೆ, ಕಗ್ಗಾಡು, ಎಲ್ಲಿಂದಲೋ ಎರಗುವ ಭಯ: ಇವೆಲ್ಲವೂ ಆ ಇಪ್ಪತ್ತೆರಡು ವರ್ಷದ ತರುಣನ ಮನಸ್ಸಿನಲ್ಲಿ ಅಂದೇ ನಾಟಿರಬೇಕೆಂದು ನಾವು ಊಹಿಸುತ್ತೇವೆ.

ಎರಡು ವರ್ಷ ಒಟ್ಟಿಗೆ ತಿರುಗಿದ ಗೆಳೆಯರು 1741ರಲ್ಲಿ ಇಟಲಿಯ ರೆಜ್ಜೊ ಎಂಬ ಊರಿನಲ್ಲಿ ಜಗಳವಾಡಿ ಬೇರೆಯಾದರು. ವಾಲ್ಪೋಲನಿಗೆ ಕುಣಿತ, ಔತಣ, ಜನಸಂದಣಿ ಬೇಕು; ಗ್ರೇಗೆ ಹಳೆಯ ಶಿಲೆಗಳೂ ಚಿತ್ರಗಳೂ ಬೇಕು. ಮೇಲುನೋಟದ ಕಾರಣವು ಇದು. ಒಳಗಿನ ಕಾರಣವನ್ನು ವಾಲ್ಪೋಲನೇ, ಗ್ರೇ ತೀರಿಕೊಂಡ ಮೇಲೆ, ಮತ್ತೊಬ್ಬ ಗೆಳೆಯನಿಗೆ ಬರೆದು ಒಪ್ಪಿಕೊಂಡನು: ತಾನು ಮಂತ್ರಿಯ ಮಗನೆಂಬ ಗರ್ವದಿಂದ, ತನ್ನ ಋಣದಲ್ಲಿದ್ದ ಗೆಳೆಯನನ್ನು ತನಗಿಂತ ಕೆಳಗಿನವನಂತೆ ಕಂಡೆನೆಂದು ಅವನು ತಪ್ಪನ್ನು ತನ್ನ ಮೇಲೆಯೇ ಹಾಕಿಕೊಂಡನು. 1745ರಲ್ಲಿ ಇಬ್ಬರಿಗೂ ಮತ್ತೆ ಸ್ನೇಹವಾಗಿದ್ದಿತು. ಆದರೆ ಆ ಗಾಯದ ಕಲೆಯು ಪೂರ್ಣವಾಗಿ ಮಾಯಲಿಲ್ಲ. ವಾಚಕರು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಊರಿಗೆ ಮರಳಿದ ವಾಲ್ಪೋಲನು 1741ರಿಂದ 1768ರವರೆಗೆ ಪಾರ್ಲಿಮೆಂಟಿನ ಸದಸ್ಯನಾಗಿದ್ದನು. ಸಭೆಯಲ್ಲಿ ಆಡಿದುದಕ್ಕಿಂತ ಸಭೆಯನ್ನು ಕುರಿತು ಬರೆದುದೇ ಹೆಚ್ಚು. ಅವನ ನಿಜವಾದ ಜೀವನವು 1747ರಲ್ಲಿ ಪ್ರಾರಂಭವಾಯಿತೆನ್ನಬೇಕು. ಆ ವರ್ಷ ಅವನು ಲಂಡನ್ನಿಗೆ ಸಮೀಪದ ಟ್ವಿಕನ್‌ಹ್ಯಾಮಿನಲ್ಲಿ, ಥೇಮ್ಸ್ ನದಿಯ ಬಳಿ, ಸಾಧಾರಣವಾದ ಚಿಕ್ಕ ಮನೆಯೊಂದನ್ನು ಹಿಡಿದನು. ಅದು ಆಗ ಲಂಡನ್ನಿನ ಆಟಿಕೆಯಂಗಡಿಯೊಂದರ ಒಡತಿಯ ವಶದಲ್ಲಿದ್ದಿತು. ಎರಡು ವರ್ಷಗಳ ಮೇಲೆ ಅವನು ಆ ಮನೆಯನ್ನು ಕೊಂಡುಕೊಂಡು, ಹಳೆಯ ಪತ್ರಗಳಲ್ಲಿ ಆ ನೆಲಕ್ಕಿದ್ದ ಹೆಸರನ್ನೇ ಹುಡುಕಿ ತೆಗೆದು, ಸ್ಟ್ರಾಬೆರಿ ಹಿಲ್ ಎಂದು ಕರೆದನು.

ಆ ಕಾಲದ ಧನಿಕರು ಗ್ರೀಕರ, ರೋಮನರ ಮಾದರಿಯಲ್ಲಿ ಕಂಬಸಾಲಿನ ನೇರ ಕಟ್ಟಡಗಳನ್ನು ಕಟ್ಟುತ್ತಿದ್ದರು. ಗಾಥಿಕ್ ಎಂಬ ಮಾತಿಗೆ ಅನಾಗರಿಕವೆಂಬ ಅರ್ಥವೇ ಪ್ರಧಾನವಾಗಿದ್ದಿತು. ಚೂಪು ಕಮಾನುಗಳ ಹಳೆಯ ಇಗರ್ಜಿಗಳೂ ಕೋಟೆಗಳೂ ಕತ್ತಲ ಯುಗದ ಅವಶೇಷಗಳೆಂದು ಪಂಡಿತರು ಹಳಿಯುತ್ತಿದ್ದರು. ವಾಲ್ಪೋಲನು ತನ್ನ ಚಿಕ್ಕ ಮನೆಯನ್ನು ಅದೇ ಗಾಥಿಕ್ ಕೋಟೆಯನ್ನಾಗಿ ಮಾರ್ಪಡಿಸಲು ತೊಡಗಿದನು. ಜಾನ್ ಚ್ಯೂಟ್, ರಿಚರ್ಡ್ ಬೆಂಟ್ಲಿ ಎಂಬ ಇಬ್ಬರು ಮಿತ್ರರನ್ನು ಸೇರಿಸಿಕೊಂಡು ರಸಿಕರ ಸಮಿತಿಯೊಂದನ್ನು ರಚಿಸಿ, ಯಾವ ಇಗರ್ಜಿಯ ಯಾವ ಸಮಾಧಿಯ ಕೆತ್ತನೆಯನ್ನು ಯಾವ ಒಲೆಗೂಡಿಗೆ ತರಬೇಕೆಂದು ಚರ್ಚಿಸುತ್ತ ವರ್ಷಗಳನ್ನೇ ಕಳೆದನು. ಗೋಪುರ, ಬಣ್ಣದ ಗಾಜಿನ ಕಿಟಕಿ, ಮಬ್ಬುಗತ್ತಲೆಯ ಪಡಸಾಲೆ, ಲೋಹಕವಚಗಳನ್ನು ನಿಲ್ಲಿಸಿದ ಗೂಡು, ಕಂಬದ ತುದಿಯಲ್ಲಿ ಗುರಾಣಿ ಹಿಡಿದು ಕುಳಿತ ಜಿಂಕೆಗಳಿರುವ ಮೆಟ್ಟಿಲ ಸಾಲು, ಇವೆಲ್ಲವೂ ಒಂದೊಂದಾಗಿ ಎದ್ದವು.

ಆದರೆ ಈ ಕೋಟೆಯಲ್ಲಿ ಕಲ್ಲಿನ ಕೆಲಸವು ಬಹಳ ಕಡಿಮೆ. ಉದ್ದನೆಯ ಪಡಸಾಲೆಯ ಮೇಲ್ಛಾವಣಿಯು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಏಳನೆಯ ಹೆನ್ರಿಯು ಕಟ್ಟಿಸಿದ ಗುಡಿಯ ಕಲ್ಲಿನ ಕಮಾನುಗಳನ್ನು ಹೋಲುವುದೇನೋ ನಿಜ; ಅದನ್ನು ಮಾಡಿದುದು ಮಾತ್ರ ಕಾಗದವನ್ನು ನೆನೆಸಿ ಅರೆದು ಅಚ್ಚಿಗೆ ಹೊಯ್ದು. ಮೆಟ್ಟಿಲ ಬದಿಯ ಗೋಡೆಯಲ್ಲಿ ಕಾಣುವ ಕಲ್ಲಿನ ಕೆತ್ತನೆಯು ಕಾಗದದ ಮೇಲೆ ಬಿಡಿಸಿದ ಚಿತ್ರ. ಕೋಟೆಯ ತೆನೆಗಳು ಮರದ ತುಂಡು, ಗಾರೆಗಳಿಂದಾದವು; ಮಳೆಗೆ ಅವು ಹಾಳಾಗಿ ಮತ್ತೆ ಮತ್ತೆ ಹೊಸದಾಗಿ ಮಾಡಿಸಬೇಕಾಗುತ್ತಿದ್ದುದರಿಂದ, ವಾಲ್ಪೋಲನು ಮೂರು ಜೊತೆ ಕೋಟೆತೆನೆಗಳಿಗಿಂತ ಹೆಚ್ಚು ಬಾಳಿದ್ದಾನೆಂದು ಗೆಳೆಯನೊಬ್ಬನು ನಗೆಯಾಡಿದನು. ಗಣಪತಿಯ ಹಬ್ಬದಲ್ಲಿ ಈ ಮುಂಬಯಿಯ ಗಲ್ಲಿಗಲ್ಲಿಗಳಲ್ಲಿ ಬಿದಿರು ಬಟ್ಟೆಗಳಿಂದ ಏಳುವ ಅರಮನೆಗಳನ್ನು ಕಂಡ ನಮಗೆ ಇದರ ಸೊಗಸು ಸುಲಭವಾಗಿ ತಿಳಿಯುತ್ತದೆ. ಅದು ಕಾಗದವೆಂದು ಎಲ್ಲರೂ ಬಲ್ಲರು. ಒಳಗೆ ಕಾಲಿಟ್ಟವನಿಗೆ ಆದರೂ ಮೈ ನವಿರೇಳುತ್ತದೆ.

ನೋಡಬಂದವರ ಸಂಖ್ಯೆಯು ಎಷ್ಟು ಹೆಚ್ಚಿತೆಂದರೆ, ಕೊನೆಗೆ ಅವನು ಪ್ರವೇಶಪತ್ರಗಳನ್ನು ಅಚ್ಚು ಹಾಕಿಸಬೇಕಾಯಿತು. ದಿನಕ್ಕೆ ನಾಲ್ವರು ಮಾತ್ರ, ಮೇ ತಿಂಗಳಿನಿಂದ ಅಕ್ಟೋಬರಿನ ಆರಂಭದವರೆಗೆ ಮಾತ್ರ, ಮಕ್ಕಳನ್ನು ಕರೆತರಲೇಕೂಡದು. 1757ರಲ್ಲಿ ಮನೆಯ ಆವರಣದಲ್ಲಿಯೇ ಸ್ವಂತ ಮುದ್ರಣಾಲಯವನ್ನೂ ಸ್ಥಾಪಿಸಿ, ಮೊದಲ ಪುಸ್ತಕವಾಗಿ ಗೆಳೆಯ ಗ್ರೇಯ ಎರಡು ಪ್ರಗಾಥಗಳನ್ನು ಅಚ್ಚು ಮಾಡಿಸಿದನು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. 1764ರ ಏಪ್ರಿಲಿನಲ್ಲಿ ವಾಲ್ಪೋಲನ ಸೋದರಸಂಬಂಧಿಯೂ ಪ್ರಾಣಸ್ನೇಹಿತನೂ ಆದ ಸೇನಾನಿ ಕಾನ್ವೆಯು ಪಾರ್ಲಿಮೆಂಟಿನಲ್ಲಿ ಸರಕಾರಕ್ಕೆ ವಿರುದ್ಧವಾಗಿ ಮತ ನೀಡಿದ ತಪ್ಪಿಗಾಗಿ ತನ್ನ ದಳದ ಅಧಿಕಾರವನ್ನು ಕಳೆದುಕೊಂಡನು. ವಾಲ್ಪೋಲನು ರಾಜಕಾರಣದಿಂದ ರೋಸಿಹೋಗಿದ್ದನು. ಜೂನ್ ತಿಂಗಳ ಒಂದು ಬೆಳಗ್ಗೆ ಅವನು ವಿಚಿತ್ರವಾದ ಕನಸಿನಿಂದೆಚ್ಚತ್ತನು. ತಾನೊಂದು ಪುರಾತನ ಕೋಟೆಯಲ್ಲಿರುವಂತೆ, ದೊಡ್ಡ ಮೆಟ್ಟಿಲ ಸಾಲಿನ ತುತ್ತತುದಿಯ ಕಟಕಟೆಯ ಮೇಲೆ ಲೋಹಕವಚ ತೊಟ್ಟ ದೈತ್ಯಾಕಾರದ ಕೈಯೊಂದು ಇರುವಂತೆ ಕಂಡಿದ್ದನು. ಕನಸಿನಲ್ಲಿ ಉಳಿದುದು ಅಷ್ಟೇ. ಅಂದಿನ ಸಂಜೆಯೇ, ಏನು ಬರೆಯಬೇಕೆಂಬುದು ತನಗೇ ತಿಳಿಯದೆ, ಅವನು ಬರೆಯಲು ಕುಳಿತನು. ಎರಡು ತಿಂಗಳು ತುಂಬುವುದರೊಳಗೆ ಕಥೆಯು ಮುಗಿಯಿತು. ಅದರ ಹೆಸರು ಒಟ್ರಾಂಟೊ ಕೋಟೆ.

ಇಟಲಿಯ ದಕ್ಷಿಣದಲ್ಲಿ, ಧರ್ಮಯುದ್ಧಗಳ ಕಾಲದಲ್ಲಿ, ಮ್ಯಾನ್‌ಫ್ರೆಡ್ ಎಂಬ ದೊರೆಯು ಒಟ್ರಾಂಟೊವನ್ನು ಆಳುತ್ತಿರುತ್ತಾನೆ. ಅವನ ಅಜ್ಜನು ಆ ರಾಜ್ಯವನ್ನು ದ್ರೋಹದಿಂದ ಪಡೆದಿದ್ದನು. ಕೋಟೆಯ ನಿಜವಾದ ಒಡೆಯನು ಅದರೊಳಗೆ ಹಿಡಿಸಲಾರದಷ್ಟು ದೊಡ್ಡವನಾಗಿ ಬೆಳೆದಾಗ ಈ ವಂಶದ ಕೈಯಿಂದ ರಾಜ್ಯವು ತಪ್ಪುವುದೆಂದು ಹಳೆಯ ಭವಿಷ್ಯವಾಣಿಯೊಂದುಂಟು. ಮ್ಯಾನ್‌ಫ್ರೆಡನ ಒಬ್ಬನೇ ಮಗನ ಮದುವೆಯ ದಿನ, ಅಂಗಳದಲ್ಲಿ ಕರಿಯ ಗರಿಗಳ ಬೃಹತ್ತಾದ ಶಿರಸ್ತ್ರಾಣವೊಂದು ಎಲ್ಲಿಂದಲೋ ಬಿದ್ದು ವರನನ್ನು ಜಜ್ಜಿಹಾಕುತ್ತದೆ. ವಂಶವುಳಿಯಲೆಂಬ ಆಸೆಯಿಂದ ದೊರೆಯು ಸಾಧ್ವಿಯಾದ ಹೆಂಡತಿಯನ್ನು ತ್ಯಜಿಸಿ, ಸೊಸೆಯಾಗಬೇಕಾಗಿದ್ದ ಇಸಬೆಲ್ಲಳನ್ನು ತಾನೇ ವರಿಸಲು ಹವಣಿಸುತ್ತಾನೆ. ಅವಳು ಕೈಯಲ್ಲೊಂದು ದೀಪ ಹಿಡಿದು ನೆಲಮಾಳಿಗೆಯ ಸುರಂಗದಲ್ಲಿ ಓಡುತ್ತಾಳೆ. ಗಾಳಿಗೆ ದೀಪವು ಆರುತ್ತದೆ. ಅಜ್ಜನ ಭಾವಚಿತ್ರವು ಚೌಕಟ್ಟಿನಿಂದಿಳಿದು ನಡೆಯುತ್ತದೆ. ಪೂರ್ವದ ದೊರೆಯ ಶಿಲಾಮೂರ್ತಿಯ ಮೂಗಿನಿಂದ ರಕ್ತದ ಹನಿಗಳು ಬೀಳುತ್ತವೆ. ಕತ್ತಲೆಯಲ್ಲಿ ಇಸಬೆಲ್ಲಳೆಂದು ತಿಳಿದು ಮ್ಯಾನ್‌ಫ್ರೆಡನು ತನ್ನ ಮಗಳನ್ನೇ ಇರಿಯುತ್ತಾನೆ. ಕೊನೆಗೆ ಕೋಟೆಯ ಗೋಡೆಗಳು ಬಿರಿದು ಬಿದ್ದು, ಸತ್ತ ದೊರೆಯ ವಿರಾಟ್ ರೂಪವು ಅವಶೇಷಗಳ ನಡುವೆ ಎದ್ದು ನಿಲ್ಲುತ್ತದೆ. ಸಾಮಾನ್ಯ ರೈತನೆಂದು ಎಲ್ಲರೂ ಭಾವಿಸಿದ್ದ ತರುಣ ಥಿಯೊಡೋರನೇ ಧರ್ಮದ ವಾರಸುದಾರನೆಂದು ತಿಳಿಯುತ್ತದೆ.

ಈಗ ಓದಿದರೆ ಶಿರಸ್ತ್ರಾಣ ಬೀಳುವ ಪ್ರಸಂಗವು ಭಯಕ್ಕಿಂತ ನಗೆಯನ್ನೇ ಹೆಚ್ಚಾಗಿ ತರುತ್ತದೆಂಬುದನ್ನು ನಾವು ಮರೆಮಾಚುವುದಿಲ್ಲ. ಪಾತ್ರಗಳು ಮನುಷ್ಯರಂತೆ ಮಾತನಾಡುವುದೂ ಅಪರೂಪ. ಆದರೆ ದೀಪವಾರಿದ ಆ ಸುರಂಗದಲ್ಲಿ ಇಸಬೆಲ್ಲಳ ಹಿಂದೆ ಹೆಜ್ಜೆಯ ಸಪ್ಪಳವು ಕೇಳಿಸುವಾಗ ನಾವೂ ಉಸಿರು ಬಿಗಿಹಿಡಿದೆವು. ಮಗ್ಗುಲಮನೆಯ ರೇಡಿಯೋ ಗೋಡೆಯಾಚೆ ಗದ್ದಲ ಮಾಡುತ್ತಿದ್ದುದು ಆಗ ನಮಗೆ ಕೇಳಿಸಲಿಲ್ಲ. ಅದಕ್ಕೆ ಮೊದಲಿನ ಕಾದಂಬರಿಗಳಲ್ಲಿ ಮನೆಯೆಂಬುದು ಜನರು ವಾಸಿಸುವ ಸ್ಥಳ ಮಾತ್ರವಾಗಿದ್ದಿತು. ಇಲ್ಲಿ ಕೋಟೆಯೇ ಮುಖ್ಯ ಪಾತ್ರವಾಯಿತು. ಹಿಂದಿನವರ ಪಾಪವನ್ನು ನೆನಪಿಟ್ಟುಕೊಂಡು ಕಾಯುವ ಕಟ್ಟಡವನ್ನು ವಾಲ್ಪೋಲನು ಕಥೆಗೆ ತಂದನು.

ಕಥೆಯನ್ನು ಬರೆಯುವ ಧೈರ್ಯವಿದ್ದಿತು. ಹೆಸರು ಹಾಕುವ ಧೈರ್ಯವಿರಲಿಲ್ಲ. ಬುದ್ಧಿವಾದವೇ ಸರ್ವಸ್ವವೆಂದು ನಂಬಿದ ಆ ಶತಮಾನದಲ್ಲಿ ಪಾರ್ಲಿಮೆಂಟಿನ ಸದಸ್ಯನೊಬ್ಬನು ಭೂತದ ಕಥೆ ಬರೆದನೆಂದರೆ ಜನರು ನಗುವರೆಂದು ಅವನು ಅಂಜಿದನು. ತನ್ನ ಮುದ್ರಣಾಲಯವನ್ನು ಬಿಟ್ಟು ಲಂಡನ್ನಿನ ಬೇರೊಬ್ಬ ಪ್ರಕಾಶಕನಿಂದ 1764ರ ಡಿಸೆಂಬರ್ 24ರಂದು ಐನೂರು ಪ್ರತಿಗಳನ್ನು ಹೊರತಂದನು. ಮುನ್ನುಡಿಯಲ್ಲಿ ಅಪ್ಪಟ ಸುಳ್ಳಿನ ಕಂತೆಯನ್ನೇ ಹೆಣೆದನು. ಇಂಗ್ಲೆಂಡಿನ ಉತ್ತರಭಾಗದ ಹಳೆಯ ಮನೆತನವೊಂದರ ಗ್ರಂಥಭಂಡಾರದಲ್ಲಿ ದೊರೆತ ಪುಸ್ತಕವಂತೆ. 1529ರಲ್ಲಿ ನೇಪಲ್ಸಿನಲ್ಲಿ ಅಚ್ಚಾದುದಂತೆ. ಒನೂಫ್ರಿಯೊ ಮುರಾಲ್ಟೊ ಎಂಬ ಪಾದ್ರಿಯು ಇಟಾಲಿಯನ್ನಿನಲ್ಲಿ ಬರೆದುದಂತೆ. ವಿಲಿಯಂ ಮಾರ್ಷಲ್ ಎಂಬವನು ಅನುವಾದಿಸಿದುದಂತೆ. ಪಾದ್ರಿಯೂ ಇರಲಿಲ್ಲ, ಅನುವಾದಕನೂ ಇರಲಿಲ್ಲ. ಒಟ್ರಾಂಟೊ ಎಂಬ ಹೆಸರನ್ನು ಸಹ ಅವನು ಕಿವಿಗೆ ಇಂಪಾಗಿದೆಯೆಂದು ನಕ್ಷೆಯಿಂದ ಆಯ್ದಿದ್ದನು. ಇಪ್ಪತ್ತಕ್ಕೂ ಮಿಕ್ಕಿ ವರ್ಷಗಳ ತರುವಾಯ, 1786ರಲ್ಲಿ, ಶ್ರೀಮಂತ ಮಹಿಳೆಯೊಬ್ಬಳು ಒಟ್ರಾಂಟೊದ ನಿಜವಾದ ಕೋಟೆಯ ಚಿತ್ರವನ್ನು ತಂದುಕೊಟ್ಟಾಗಲೇ ಅಲ್ಲೊಂದು ಕೋಟೆಯಿರುವುದು ಅವನಿಗೆ ತಿಳಿದುದು!

ಪುಸ್ತಕವು ಬೇಗನೆ ಖರ್ಚಾಯಿತು. 1765ರ ಏಪ್ರಿಲಿನ ಎರಡನೆಯ ಮುದ್ರಣದಲ್ಲಿ ಅವನು ತನ್ನ ಹೆಸರಿನ ಮೊದಲ ಅಕ್ಷರಗಳನ್ನು ಕಾಣಿಸಿ, ಮೋಸಕ್ಕಾಗಿ ಕ್ಷಮೆಯನ್ನು ಬೇಡಿ, ಗಾಥಿಕ್ ಕಥೆಯೆಂಬ ಉಪಶೀರ್ಷಿಕೆಯನ್ನು ಸೇರಿಸಿದನು. ಅಲ್ಲಿಂದಲೇ ಆ ಜಾತಿಯ ಕಾದಂಬರಿಗಳಿಗೆ ಆ ಹೆಸರು ನಿಂತಿತು. ಹಳೆಯ ಕಾಲದ ಕೃತಿಯೆಂದು ನಂಬಿದ್ದಾಗ ಸಹನೆಯಿಂದ ಮೆಚ್ಚಿದ ಪತ್ರಿಕೆಯೊಂದು, ಹೊಸಬನು ಬರೆದುದೆಂದು ತಿಳಿದೊಡನೆ ತಿರುಗಿಬಿದ್ದು ಜರೆಯಿತು. ಅಕ್ಷರಗಳು ಅವೇ, ಬದಲಾದುದು ಹೆಸರು ಮಾತ್ರ.

ಇದಾದ ನಾಲ್ಕು ವರ್ಷಗಳ ಮೇಲೆ ನಡೆದ ಘಟನೆಯನ್ನು ಬರೆಯಲೆಂದೇ ನಾವು ಈ ಲೇಖನಕ್ಕೆ ಇಷ್ಟು ದಿನ ಹಿಡಿದೆವೆನ್ನಬಹುದು.

ಬ್ರಿಸ್ಟಲ್ ಪಟ್ಟಣದಲ್ಲಿ ಥಾಮಸ್ ಚ್ಯಾಟರ್ಟನ್ ಎಂಬ ಹುಡುಗನಿದ್ದನು. ತಂದೆಯು ಶಾಲಾ ಉಪಾಧ್ಯಾಯನು; ಮಗನು ಹುಟ್ಟುವ ಮೊದಲೇ ತೀರಿಕೊಂಡನು. ತಾಯಿಯು ಹೊಲಿಗೆಯಿಂದ ಮಕ್ಕಳನ್ನು ಸಾಕಿದಳು. ಬಡಮಕ್ಕಳ ಧರ್ಮಾರ್ಥ ಶಾಲೆಯಲ್ಲಿ ಓದಿದ ಈ ಹುಡುಗನಿಗೆ ಊರಿನ ಪ್ರಾಚೀನ ಇಗರ್ಜಿಯ ಕೊಠಡಿಯಿಂದ ಮನೆಗೆ ಬಂದಿದ್ದ ಹಳೆಯ ಚರ್ಮಪತ್ರಗಳೇ ಆಟದ ಸಾಮಾನುಗಳು. ಅವುಗಳ ಲಿಪಿಯನ್ನು ಕಲಿತು, ಹದಿನೈದನೆಯ ಶತಮಾನದ ರೌಲಿ ಎಂಬ ಪಾದ್ರಿಯನ್ನು ಕಲ್ಪಿಸಿಕೊಂಡು, ಅವನ ಹೆಸರಿನಲ್ಲಿ ಅದ್ಭುತವಾದ ಕವಿತೆಗಳನ್ನು ಬರೆಯತೊಡಗಿದನು. ಹದಿನಾಲ್ಕು ವರ್ಷ ಮುಗಿದಾಗ ವಕೀಲನೊಬ್ಬನ ಕಚೇರಿಯಲ್ಲಿ ಬರವಣಿಗೆಯ ಕೆಲಸಕ್ಕೆ ಸೇರಬೇಕಾಯಿತು. 1769ರ ಮಾರ್ಚಿಯಲ್ಲಿ, ಪ್ರಾಚೀನ ವಸ್ತುಗಳ ಪ್ರೇಮಿಯೆಂದು ಹೆಸರಾದ ವಾಲ್ಪೋಲನಿಗೆ ಅವನು ರೌಲಿಯ ಕೆಲವು ಬರಹಗಳನ್ನು ಕಳುಹಿಸಿದನು.

ವಾಲ್ಪೋಲನು ಹಿಗ್ಗಿದನು. ಅತ್ಯಂತ ವಿನಯದಿಂದ, ಸಮಾನ ವಿದ್ವಾಂಸನಿಗೆ ಬರೆಯುವಂತೆ, ಉತ್ತರವನ್ನು ಬರೆದು, ರೌಲಿಯ ಕವಿತೆಗಳನ್ನು ಅಚ್ಚು ಹಾಕಿಸುವ ಸೂಚನೆಯನ್ನೂ ಮಾಡಿದನು. ಹುಡುಗನ ಮನಸ್ಸು ಕರಗಿ, ತಾನು ಬಡ ವಿಧವೆಯ ಮಗನೆಂದೂ, ವಕೀಲನ ಕಚೇರಿಯ ಗುಮಾಸ್ತನೆಂದೂ, ಸಾಹಿತ್ಯಕ್ಕೆ ಅವಕಾಶವುಳ್ಳ ಬೇರೆ ಉದ್ಯೋಗವನ್ನು ಬಯಸುವೆನೆಂದೂ ನಿಜವನ್ನು ಬರೆದುಬಿಟ್ಟನು. ವಾಲ್ಪೋಲನು ಕವಿತೆಗಳನ್ನು ಗ್ರೇ, ಮೇಸನ್ ಎಂಬ ಮಿತ್ರರಿಗೆ ತೋರಿಸಿದನು. ಅವು ಈಚಿನ ಕೃತ್ರಿಮಗಳೆಂದು ಅವರು ಕೂಡಲೇ ಗುರುತಿಸಿದರು. ಎರಡನೆಯ ಉತ್ತರವು ತಣ್ಣಗಿದ್ದಿತು. ಹಿಡಿದ ಉದ್ಯೋಗದಲ್ಲಿಯೇ ನಿಂತು ತಾಯಿಯನ್ನು ಸಲಹಬೇಕೆಂದೂ, ಹಣ ಸಂಪಾದಿಸಿದ ಮೇಲೆ ಬಿಡುವಿನಲ್ಲಿ ಇಂತಹ ಅಭ್ಯಾಸಗಳನ್ನು ಮಾಡಬಹುದೆಂದೂ ಅದರಲ್ಲಿ ಹಿತೋಪದೇಶವಿದ್ದಿತು. ಹುಡುಗನು ತನ್ನ ಬರಹಗಳನ್ನು ಮರಳಿ ಕೇಳಿದನು. ಉತ್ತರವಿಲ್ಲ. ಮತ್ತೆ ಕೇಳಿದನು. ಮೂರನೆಯ ಸಲ ಹುಡುಗನು, ನಾನು ಬಡವನೆಂದು ತಿಳಿಯದಿದ್ದರೆ ನೀವು ಹೀಗೆ ನಡೆದುಕೊಳ್ಳುತ್ತಿರಲಿಲ್ಲವೆಂದು ಕಟುವಾಗಿ ಬರೆದನು. ಆಗ ಆಗಸ್ಟಿನಲ್ಲಿ ಬರಹಗಳು ಮರಳಿ ಬಂದವು. ಜೊತೆಗೆ ಒಂದಕ್ಷರವೂ ಇರಲಿಲ್ಲ.

ಸುಳ್ಳು ಪಾದ್ರಿಯನ್ನು ಸೃಷ್ಟಿಸಿದುದು ಚ್ಯಾಟರ್ಟನ್ನನ ಅಪರಾಧವಾಗಿದ್ದರೆ, ಒನೂಫ್ರಿಯೊ ಮುರಾಲ್ಟೊ ಯಾರು? ಈ ಪ್ರಶ್ನೆಯು ವಾಲ್ಪೋಲನ ಮನಸ್ಸಿನಲ್ಲಿ ಆಗಲೇ ಎದ್ದಿತೋ ಇಲ್ಲವೋ, ಇತರರ ಬಾಯಲ್ಲಿ ಎದ್ದುದಂತೂ ನಿಜ. ಚ್ಯಾಟರ್ಟನ್ನನು 1770ರ ಏಪ್ರಿಲಿನಲ್ಲಿ ಲಂಡನ್ನಿಗೆ ಬಂದು, ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯಲೆಣಿಸಿ, ಅದೇ ವರ್ಷದ ಆಗಸ್ಟ್ 24ರಂದು ಹೋಬರ್ನಿನ ಅಟ್ಟದ ಕೋಣೆಯೊಂದರಲ್ಲಿ ವಿಷದಿಂದ ಸತ್ತನು. ಅವನಿಗೆ ಹದಿನೆಂಟು ತುಂಬಿರಲಿಲ್ಲ. ಮರುವರ್ಷ ಚಿತ್ರಕಾರರ ಔತಣವೊಂದರಲ್ಲಿ ಗೋಲ್ಡ್‌ಸ್ಮಿತ್ ಕವಿಯ ಬಾಯಿಂದ ಈ ವಾರ್ತೆಯನ್ನು ಕೇಳಿ ವಾಲ್ಪೋಲನು ತತ್ತರಿಸಿಹೋದನು.

ನ್ಯಾಯವಾಗಿ ಹೇಳಬೇಕಾದರೆ ಆ ಸಾವಿಗೆ ವಾಲ್ಪೋಲನು ಕಾರಣನಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಪತ್ರವ್ಯವಹಾರಕ್ಕೂ ಸಾವಿಗೂ ನಡುವೆ ಒಂದು ವರ್ಷವು ಕಳೆದಿದ್ದಿತು. ಆದರೂ ಜನರು ದೂಷಿಸಿದರು. 1779ರಲ್ಲಿ ಅವನು ತನ್ನ ಸಮರ್ಥನೆಗಾಗಿ ಚಿಕ್ಕ ಪುಸ್ತಕವೊಂದನ್ನು ಬರೆದು, ಸ್ವಂತ ಮುದ್ರಣಾಲಯದಲ್ಲಿ ಇನ್ನೂರು ಪ್ರತಿಗಳನ್ನು ಅಚ್ಚು ಹಾಕಿಸಬೇಕಾಯಿತು. ಆ ಹುಡುಗನ ಪ್ರತಿಭೆಯನ್ನು ಅವನು ಆಮೇಲೆ ಮನಃಪೂರ್ವಕವಾಗಿ ಹೊಗಳಿದನು. ಗ್ರೇಯ ವಿಷಯದಲ್ಲಿ ಮಾಡಿದಂತೆ ತಪ್ಪು ನನ್ನದೆಂದು ಮಾತ್ರ ಇಲ್ಲಿ ಅವನು ಹೇಳಲಿಲ್ಲ.

ಇಲ್ಲಿ ನಮ್ಮದೊಂದು ಮಾತನ್ನೂ ಸೇರಿಸಬೇಕಾಗಿದೆ. ತೊಡೆಯ ಮೇಲಿಂದ ಪುಸ್ತಕ ಬೀಳಿಸಿದ ಆ ಹುಡುಗನು ಈ ಸಂಚಿಕೆಗಾಗಿ ಕೋಟೆಯ ಕಥೆಯೊಂದನ್ನು ತಂದುಕೊಟ್ಟು, ಊರಿನ ಅಜ್ಜಿ ಹೇಳಿದುದೆಂದು ತಿಳಿಸಿದ್ದನು. ಅಜ್ಜಿಯರು ಹಾಗೆ ಕಥೆ ಹೇಳುವುದಿಲ್ಲವೆಂಬುದು ಎರಡು ಪುಟ ಓದಿದರೆ ತಿಳಿಯುವಂತಿದ್ದಿತು. ಎಲ್ಲಿಂದಲೋ ಕದ್ದುದಿರಬೇಕೆಂದು ನಾವು ಅದನ್ನು ತಪಾಸಣೆಯ ವಹಿಗಳ ಕೆಳಗೆ ಇಟ್ಟುಬಿಟ್ಟೆವು. ಅವನು ಎರಡು ಸಲ ಬಂದು ಕೇಳಿದನು, ನೋಡೋಣವೆಂದೆವು. ಚ್ಯಾಟರ್ಟನ್ನನ ಪ್ರಸಂಗವನ್ನು ಓದಿದ ರಾತ್ರಿಯ ಮರುದಿನ ಅವನನ್ನು ಕರೆದು ಕೇಳಿದಾಗ, ಅದು ತನ್ನದೇ ಕಥೆಯೆಂದೂ, ತನ್ನದೆಂದರೆ ಎಲ್ಲರೂ ನಕ್ಕಾರೆಂದು ಅಜ್ಜಿಯ ಹೆಸರು ಹೇಳಿದೆನೆಂದೂ ತಲೆತಗ್ಗಿಸಿ ನುಡಿದನು. ಕಥೆಯು ಈಗ ಸಂಪಾದಕರ ಕೈಯಲ್ಲಿದೆ.

ವಾಲ್ಪೋಲನನ್ನು ಕಠಿಣ ಹೃದಯದವನೆಂದು ಯಾರೂ ತಿಳಿಯಬಾರದು. ದೂರದವರ ದುಃಖವು ಅವನಿಗೆ ಬಹು ಬೇಗ ತಟ್ಟುತ್ತಿದ್ದಿತು. ಆಫ್ರಿಕದ ಗುಲಾಮರ ವ್ಯಾಪಾರವನ್ನು, ಅದನ್ನು ವಿರೋಧಿಸುವವರೇ ವಿರಳವಾಗಿದ್ದ 1750ರಲ್ಲಿಯೇ, ಅವನು ಪತ್ರದಲ್ಲಿ ಖಂಡಿಸಿದನು. 1772ರಲ್ಲಿ ಬರೆದ ಪತ್ರವೊಂದರಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ನೌಕರರು ಧಾನ್ಯದ ವ್ಯಾಪಾರವನ್ನು ತಮ್ಮ ಮುಷ್ಟಿಯಲ್ಲಿಟ್ಟುಕೊಂಡುದೇ ಬಂಗಾಲದ ಘೋರ ಕ್ಷಾಮಕ್ಕೆ ಕಾರಣವೆಂದೂ, ತನ್ನ ದೇಶದವರು ಅಲ್ಲಿ ಮಾಡಿದುದು ಕೊಲೆ, ಸುಲಿಗೆಗಳೆಂದೂ ಸ್ಪಷ್ಟವಾಗಿ ಬರೆದನು. ಭಾರತೀಯರಾದ ನಾವು ಇದನ್ನು ಕೃತಜ್ಞತೆಯಿಂದ ನೆನೆಯಬೇಕು. ಬಂಗಾಲದ ಹಸಿವು ಕಂಡ ಕಣ್ಣಿಗೆ ಬ್ರಿಸ್ಟಲ್ಲಿನ ಹುಡುಗನು ಕಾಣದೆಹೋದುದು ವಿಚಿತ್ರವಾದರೂ ನಿಜ.

ಪತ್ರಗಳ ಮಾತು ಬಂದಿತು. ಕಾದಂಬರಿಗಿಂತಲೂ ಹೆಚ್ಚಾಗಿ ಇವನ ಕೀರ್ತಿಯು ಪತ್ರಗಳಲ್ಲಿಯೇ ನಿಂತಿದೆಯೆಂದು ವಿದ್ವಾಂಸರು ಹೇಳುತ್ತಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯವು 1937ರಿಂದ 1983ರವರೆಗೆ ಅವುಗಳನ್ನು 48 ಸಂಪುಟಗಳಲ್ಲಿ ಪ್ರಕಟಿಸಿತು. ಫ್ಲಾರೆನ್ಸಿನಲ್ಲಿದ್ದ ಹೊರೇಸ್ ಮ್ಯಾನ್ ಎಂಬ ರಾಯಭಾರಿಗೆ ನಲವತ್ತಕ್ಕೂ ಹೆಚ್ಚು ವರ್ಷ ಪತ್ರ ಬರೆದನು; ಯಾತ್ರೆಯಿಂದ ಮರಳಿದ ಮೇಲೆ ಅವನನ್ನು ಒಮ್ಮೆಯೂ ಕಾಣಲಿಲ್ಲ. ಊರು ಬಿಟ್ಟು ಬಂದ ನಮ್ಮಂತಹವರಿಗೆ ಈ ಬಗೆಯ ಸ್ನೇಹವು ಅಪರಿಚಿತವಲ್ಲ. ಇದೇ ಮ್ಯಾನನಿಗೆ 1754ರಲ್ಲಿ ಬರೆದ ಪತ್ರವೊಂದರಲ್ಲಿ, ಹುಡುಕದಿದ್ದ ವಸ್ತುವು ಅದೃಷ್ಟದಿಂದಲೂ ಜಾಣ್ಮೆಯಿಂದಲೂ ಕೈಸೇರುವುದಕ್ಕೆ ಸೆರೆಂಡಿಪಿಟಿ ಎಂಬ ಹೊಸ ಶಬ್ದವನ್ನು ಟಂಕಿಸಿದನು. ಸೆರೆಂಡಿಪ್ ಎಂದರೆ ನಮ್ಮ ನೆರೆಯ ಸಿಂಹಳದ ಹಳೆಯ ಹೆಸರು. ಅಲ್ಲಿಯ ಮೂವರು ರಾಜಕುಮಾರರ ಕಥೆಯಿಂದ ಅವನಿಗೆ ಈ ಶಬ್ದವು ಹೊಳೆಯಿತು.

ಅವನು ಮದುವೆಯಾಗಲಿಲ್ಲ. ಪ್ಯಾರಿಸಿನ ದ್ಯು ದೆಫಾನ್ ಎಂಬ ಅಂಧ ವೃದ್ಧೆಯು ತನ್ನ ಕೊನೆಯ ಹದಿನೈದು ವರ್ಷ ಇವನನ್ನೇ ನೆಚ್ಚಿ ಬದುಕಿದಳು. ಅವಳು ಸತ್ತ ಮೇಲೆ ಅವಳ ನಾಯಿಯನ್ನು ತರಿಸಿ ಇವನು ಸಾಕಿದನು. ಮುಪ್ಪಿನಲ್ಲಿ ಮೇರಿ, ಆಗ್ನೆಸ್ ಬೆರಿ ಎಂಬ ಅಕ್ಕತಂಗಿಯರ ಸ್ನೇಹವು ದೊರೆತು ಮನೆಯು ಮತ್ತೆ ಬೆಳಗಿತು. 1791ರಲ್ಲಿ ಅಣ್ಣನ ಮಗನು ಸತ್ತುದರಿಂದ ಆರ್ಫರ್ಡಿನ ಅರ್ಲ್ ಪದವಿಯು ಬೇಡವೆಂದರೂ ಇವನ ಪಾಲಿಗೆ ಬಂದಿತು. ಕೀಲುವಾತದಿಂದ ಕೈಕಾಲುಗಳು ಸೊಟ್ಟಗಾಗಿದ್ದವು. 1797ರ ಮಾರ್ಚ್ 2ರಂದು ಲಂಡನ್ನಿನ ಬರ್ಕ್ಲಿ ಚೌಕದ ಮನೆಯಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ಕಾಲವಾದನು.

ಅಷ್ಟರಲ್ಲಿ ಒಟ್ರಾಂಟೊದ ಸಂತಾನವು ಬೆಳೆದಿದ್ದಿತು. 1794ರಲ್ಲಿ ಆ್ಯನ್ ರ‍್ಯಾಡ್‌ಕ್ಲಿಫ್ ಎಂಬ ಲೇಖಕಿಯು ಉಡೊಲ್ಫೊ ಕೋಟೆಯ ರಹಸ್ಯಗಳನ್ನು ಬರೆದು ಐನೂರು ಪೌಂಡುಗಳನ್ನು ಪಡೆದಳು. 1897ರಲ್ಲಿ ಬ್ರಾಮ್ ಸ್ಟೋಕರನ ಡ್ರ್ಯಾಕುಲನು ಅದೇ ಬಗೆಯ ಕೋಟೆಯಿಂದಲೇ ಹೊರಟನು. ವಾಲ್ಟರ್ ಸ್ಕಾಟನು ಒಟ್ರಾಂಟೊವನ್ನು ಮೆಚ್ಚಿ 1811ರ ಮುದ್ರಣಕ್ಕೆ ಪ್ರಸ್ತಾವನೆಯನ್ನು ಬರೆದನು, ಆ ಸ್ಕಾಟನ ಕಾದಂಬರಿಗಳು ಕಲ್ಕತ್ತೆಯ ಓದುಗರನ್ನು ಮರುಳುಗೊಳಿಸಿದ್ದ ಕಾಲದಲ್ಲಿ, 1865ರಲ್ಲಿ, ಬಂಕಿಮಚಂದ್ರರ ದುರ್ಗೇಶನಂದಿನಿ ಹೊರಬಂದಿತು, ಅದನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ನಮ್ಮ ಹಿರಿಯರು ಚಿಮಣಿಯ ಬೆಳಕಿನಲ್ಲಿ ಓದಿದ ಆ ದುರ್ಗದ ಕಥೆಗೂ ಟ್ವಿಕನ್‌ಹ್ಯಾಮಿನ ಕನಸಿಗೂ ಹೀಗೆ ದೂರದ ನಂಟುಂಟು.

1842ರಲ್ಲಿ ಸ್ಟ್ರಾಬೆರಿ ಹಿಲ್ಲಿನ ಸಂಗ್ರಹವೆಲ್ಲ ಇಪ್ಪತ್ತನಾಲ್ಕು ದಿನಗಳ ಹರಾಜಿನಲ್ಲಿ ಚದರಿಹೋಯಿತು. ಮನೆ ಮಾತ್ರ ನಿಂತಿತು. ದೀರ್ಘಕಾಲ ಶಿಥಿಲವಾಗಿದ್ದ ಅದನ್ನು ದುರಸ್ತಿಮಾಡಿ 2010ರ ಅಕ್ಟೋಬರಿನಲ್ಲಿ ಸಾರ್ವಜನಿಕರಿಗೆ ತೆರೆದರು. ಕಾಗದದ ಆ ಛಾವಣಿಯು ಚಿನ್ನದ ಲೇಪದೊಡನೆ ಇಂದಿಗೂ ಮೇಲೆಯೇ ಇದೆ. ಜಿಂಕೆಗಳು ಗುರಾಣಿ ಹಿಡಿದು ಕುಳಿತಿವೆ. ಮಕ್ಕಳನ್ನು ಕರೆತರಬಾರದೆಂಬ ನಿಯಮವು ಈಗಿಲ್ಲ.